ಉಜ್ಜದ ಕಲ್ಲು

ಮಾಳವಿಕಾ ಕಾಫಿ ತೋಟದೊಳಗೆ ಹರಿಯುವ ತೋಡಿನಿಂದ ಮತ್ತೊಂದು ಕಲ್ಲು ಎತ್ತಿ ಮಗುಚಿ ನೋಡಿದಳು. ಏನೂ ಇಲ್ಲ. ಪಕ್ಕದ್ದನ್ನು ಎತ್ತಿದಳು. ಅದರಲ್ಲೂ ಇಲ್ಲ. ಮಡಿಕೇರಿಯ ಕಾಲೇಜಿನಲ್ಲಿ ಪಾಠ ಹೇಳುವ ಈ ಹುಡುಗಿ ಬೆಳಿಗ್ಗೆಯಿಂದ ಮೊಣಕಾಲುದ್ದ ನೀರಿನಲ್ಲಿ ನಿಂತು ಹುಡುಕುತ್ತಿದ್ದದ್ದು ಹುಳಗಳನ್ನು. ದಡದಲ್ಲಿದ್ದ ತೋಟದ ಯಜಮಾನ ಮಧುಸೂದನನ ಮುಖ ಮಾತ್ರ ಅರಳುತ್ತಲೇ ಇತ್ತು.

“ಬೇಕಾದಷ್ಟು ನೋಡಿ ಮೇಡಂ. ಒಂದೇ ಒಂದು ಹುಳ ಸಿಕ್ಕಿದರೆ ನನ್ನ ಹೆಸರು ಬದಲಾಯಿಸಿ!”

“ಅದೇ ತೊಂದರೆ ಸಾರ್.” ಮಾಳವಿಕಾ ಸೊಂಟ ನೆಟ್ಟಗೆ ಮಾಡಿಕೊಂಡಳು. “ಒಂದೂ ಇಲ್ಲ ಅಂದ್ರೆ ನೀರು ಕೆಟ್ಟಿದೆ ಅಂತ. ಮಂಗಳೂರಲ್ಲಿ ಓದುವಾಗ ಕಡಲ ನೀರು ಹೇಗಿದೆ ಅಂತ ತಿಳಿಯೋಕೆ ಬಂಡೆಗೆ ಅಂಟಿಕೊಂಡಿರೋ ಚಿಪ್ಪಿನ ಜೀವಿಗಳನ್ನ ನೋಡ್ತಿದ್ವಿ. ಇಲ್ಲಿ ಈ ಹುಳಗಳನ್ನ ನೋಡೋದು. ಕೊಳೆನೀರು ಬಂದರೆ ಮೊದಲು ಸಾಯೋದು ಇವೇ.”

ಮಧುಸೂದನನ ಮುಖ ಇಳಿದುಹೋಯಿತು. ಅವನ ಪಕ್ಕದಲ್ಲಿದ್ದ ಹೆಂಡತಿ ಕಾವೇರಮ್ಮ ಕೆಳಗಿನ ಗದ್ದೆಯ ಕಡೆ ನೋಡಿದಳು. ಹೋದ ವರ್ಷ ಇವರ ಪಲ್ಪರ್ ಯಂತ್ರದ ಕೊಳೆನೀರಿನ ಗುಂಡಿ ಒಡೆದು, ಕಾಫಿ ಹಣ್ಣು ಸುಲಿದ ನೀರೆಲ್ಲ ತೋಡಿಗೆ ನುಗ್ಗಿ, ಕೆಳಗಿನ ಗದ್ದೆಯವರೆಗೂ ಕಪ್ಪಗೆ ಗಬ್ಬು ನಾರಿತ್ತು. ಆ ಗದ್ದೆ ಯಾರದ್ದೋ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಅದು ಕಾವೇರಮ್ಮನ ಸ್ವಂತ ಅಣ್ಣ ಪೊನ್ನಪ್ಪನದು. “ತೋಡು ಸರಿಯಾಗುವವರೆಗೆ ನನ್ನ ಬೇಲಿ ದಾಟಬೇಡಿ” ಎಂದವನು ಹುತ್ತರಿ ಹಬ್ಬಕ್ಕೂ ತಂಗಿಯನ್ನು ಕರೆಯಲಿಲ್ಲ. ಮಧುಸೂದನ ಹೊಸ ಗುಂಡಿ ತೆಗೆಸಿ, ದಪ್ಪ ಶೀಟು ಹಾಸಿಸಿ, ಈ ಸಲ ಒಂದು ತೊಟ್ಟೂ ಹೊರಗೆ ಬಿಟ್ಟಿರಲಿಲ್ಲ. ಆದರೆ ಅವನ ಬಾಯಿಮಾತನ್ನು ನಂಬುವವರು ಯಾರು? ಓದಿದವಳು ಹೇಳಿದರೆ ಅಣ್ಣ ಒಪ್ಪಿಯಾನು ಎಂಬ ಆಸೆಯಿಂದ ಕಾವೇರಮ್ಮನೇ ಮಾಳವಿಕಾಳನ್ನು ಕರೆಸಿದ್ದಳು. ಈಗ ಓದಿದವಳೇ ಹೀಗೆ ಹೇಳಬೇಕೆ!

“ಆದರೆ ಇದೆಂಥ ಕಲ್ಲು ಸಾರ್? ಪಾಚಿ ಕೂಡ ಇಲ್ಲ, ತಿಕ್ಕಿದ ಪಾತ್ರೆ ಥರ ಇದೆ.”

ಕಾವೇರಮ್ಮ ಗಂಡನ ಕಡೆ ತಿರುಗಿದಳು. ಅವನು ಏನನ್ನೋ ಬೆನ್ನ ಹಿಂದೆ ಸರಿಸಿದ.

“ಕೈಯಲ್ಲಿ ಎಂತ ಅದು?”

ತೆಂಗಿನ ನಾರಿನ ಬ್ರಷ್ಷು ಹೊರಗೆ ಬಂತು. “ನಿನ್ನೆ ನೀನು ಮಡಿಕೇರಿಗೆ ಹೋಗಿದ್ದಾಗ ನಾನೂ ತೋಟದ ಆಳು ಜವರನೂ ಸ್ವಲ್ಪ ಕ್ಲೀನ್ ಮಾಡಿದ್ದು. ಒಂದೊಂದೇ ಕಲ್ಲು ತಿರುಗಿಸಿ ಉಜ್ಜಿದ್ದು, ಸೊಂಟ ಬಿದ್ದು ಹೋಗಿದೆ. ಮನೆಗೆ ನೆಂಟರು ಬರುವಾಗ ಅಂಗಳ ಗುಡಿಸುವುದಿಲ್ವಾ?”

“ಅಯ್ಯೋ ನನ್ನ ಕರ್ಮವೇ!” ಕಾವೇರಮ್ಮ ಹಣೆ ಚಚ್ಚಿಕೊಂಡಳು.

“ಬ್ಲೀಚಿಂಗ್ ಪೌಡರ್ ಹಾಕಿದ್ರಾ?” ಮಾಳವಿಕಾ ಗಾಬರಿಯಿಂದ ಕೇಳಿದಳು.

“ಹಾಕಬೇಕಂತಲೇ ಇತ್ತು. ಭಾಗಮಂಡಲದಲ್ಲಿ ಅಂಗಡಿ ಬಾಗಿಲು ಹಾಕಿತ್ತು.”

“ಬಚಾವಾದ್ರಿ. ಹಾಗಾದ್ರೆ ಹುಳ ಎಲ್ಲ ನಿಮ್ಮ ಬ್ರಷ್ಷಿಗೇ ಹೋಗಿವೆ. ಎಲ್ಲಿವರೆಗೆ ಉಜ್ಜಿದ್ದು?”

“ಬೇಲಿವರೆಗೆ. ಅದರಾಚೆ ಭಾವನ ಜಾಗ. ನಾನು ಕಾಲಿಡುವ ಹಾಗಿಲ್ಲವಲ್ಲ.”

ಮಾಳವಿಕಾಳಿಗೆ ನಗು ತಡೆಯಲಾಗಲಿಲ್ಲ. “ನಡೀರಿ ಅಲ್ಲಿಗೆ,” ಎಂದಳು.

ಬೇಲಿಯ ಆಚೆ ಗದ್ದೆ ಬದುವಿನ ಮೇಲೆ ಪೊನ್ನಪ್ಪ ಕೈಕಟ್ಟಿ ನಿಂತಿದ್ದ. ಮಧುಸೂದನ ಬೇಲಿಯ ಹತ್ತಿರ ಬಂದವನೇ ತಾನಾಗಿಯೇ ನಿಂತುಬಿಟ್ಟ. ಕಾವೇರಮ್ಮ ಮಾತ್ರ ಸೆರಗು ಸಿಕ್ಕಿಸಿಕೊಂಡು ನುಸುಳಿದಳು.

“ಅಣ್ಣಾ, ಬಯ್ಯುವುದಾದರೆ ಆಮೇಲೆ ಬಯ್ಯಿ. ಮೊದಲು ಇವರು ನೋಡಲಿ.”

“ನೋಡಲಿ. ನಾನೆಂತ ತೋಡಿಗೆ ಬೀಗ ಹಾಕಿದ್ದೇನಾ?” ಎಂದ ಪೊನ್ನಪ್ಪ, ಬೇಲಿಯ ಕಡೆ ಕಣ್ಣು ಹಾಯಿಸದೆ.

ಮಾಳವಿಕಾ ಪಾಚಿ ಕಟ್ಟಿದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ತಿರುಗಿಸಿದಳು. ಕಾವೇರಮ್ಮ ಕಾವೇರಿ ತಾಯಿಯನ್ನು ನೆನೆದಳು. ಕಲ್ಲಿನಡಿಯಲ್ಲಿ ಏನೋ ಸರಿದಾಡಿತು. ಅಕ್ಕಿಕಾಳಿನಷ್ಟು ಉದ್ದ, ಚಪ್ಪಟೆ ಮೈ, ಹಿಂದೆ ಕೂದಲೆಳೆಯಂಥ ಮೂರು ಬಾಲ. ಅದರ ಪಕ್ಕ ಇನ್ನೊಂದು. ಆಮೇಲೆ ನೋಡಿದಲ್ಲೆಲ್ಲ ಅವೇ.

“ಬನ್ನಿ, ಬೇಗ ಬನ್ನಿ!” ಮಾಳವಿಕಾ ಚಿಕ್ಕ ಮಗುವಿನ ಹಾಗೆ ಕೂಗಿದಳು. “ಇವು ತಿಂಗಳುಗಟ್ಟಲೆ ನೀರಲ್ಲೇ ಬೆಳೆಯೋವು. ಈ ಸೀಸನ್ನಲ್ಲಿ ಪಲ್ಪರ್ ನೀರು ಇಲ್ಲಿಗೆ ಬಂದಿದ್ರೆ ಇಷ್ಟೊಂದು ಇರ್ತಾನೇ ಇರಲಿಲ್ಲ. ನಿಮ್ಮ ತೋಡು ಚೇತರಿಸಿಕೊಂಡಿದೆ ಸಾರ್. ಆದರೂ ಕುಡಿಯೋದಾದ್ರೆ ಕುದಿಸಿಯೇ ಕುಡೀರಿ.”

ಪೊನ್ನಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಗ್ಗಿದ. ತುಂಬಾ ಹೊತ್ತು ನೋಡಿದ. ಕಾವೇರಮ್ಮ ಬದುವಿನ ಮೇಲೆ ಕುಳಿತುಬಿಟ್ಟಳು. ಒಂದು ವರ್ಷದಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು. ಅವಳಿಗೆ ಅಳುವೂ ಬಂತು, ನಗುವೂ ಬಂತು.

“ಸಿಕ್ಕಿತಾ? ಹುಳ ಉಂಟಾ?” ಬೇಲಿಯಾಚೆಯಿಂದ ಮಧುಸೂದನ ತುದಿಗಾಲಲ್ಲಿ ನಿಂತು ಕೂಗುತ್ತಿದ್ದ. “ಒಂದಾದರೂ ಉಂಟಾ ಮಾರಾಯ್ರೆ?”

ಪೊನ್ನಪ್ಪ ಮಾಳವಿಕಾಳ ಕೈಯಿಂದ ಕಲ್ಲನ್ನು ತೆಗೆದುಕೊಂಡು, ಇದ್ದ ಜಾಗದಲ್ಲೇ ಮೆಲ್ಲಗೆ ಇಟ್ಟ. ಕೈ ಒರೆಸಿಕೊಂಡ. ವರ್ಷದಲ್ಲಿ ಮೊದಲ ಬಾರಿಗೆ ಬೇಲಿಯ ಕಡೆ ತಿರುಗಿದ.

“ಭಾವಾ, ಅಲ್ಲೇ ಎಂತಕ್ಕೆ ನಿಂತದ್ದು? ಬನ್ನಿ, ಊಟ ಮಾಡಿಕೊಂಡು ಹೋದರಾಯ್ತು.”

ಮಧುಸೂದನ ಅವಸರದಲ್ಲಿ ಬೇಲಿಗೆ ಕಾಲು ಹಾಕಿದ.

“ಆದರೆ ಆ ಬ್ರಷ್ಷು,” ಎಂದ ಪೊನ್ನಪ್ಪ, “ಬೇಲಿಯಾಚೆಯೇ ಇರಲಿ.”