ನಲ್ಲಿ ನೀರು

ರಾಸಾಯನಿಕ ಕ್ರಿಯೆಗೆ ವೇಗವರ್ಧಕವಾಗಿ ಬಳಸುವ ಬೆಳ್ಳಿಪುಡಿಯನ್ನು ಅವಳು ಡಿಸ್ಟಿಲ್ಡ್ ವಾಟರಿನಲ್ಲಿ ಆರನೇ ಸಲ ತೊಳೆಯುತ್ತಿದ್ದಾಗ ಪ್ರೊಫೆಸರು ಬಾಗಿಲಲ್ಲೇ ನಿಂತು ಕೇಳಿದರು, “ಇವತ್ತಾದರೂ ರಿಸಲ್ಟು ಬರುತ್ತೇನಮ್ಮ?”

“ಗೊತ್ತಿಲ್ಲ ಸರ್.”

“ಇಪ್ಪತ್ತು ವರ್ಷದ ಹಿಂದೆ ಇದೇ ಲ್ಯಾಬಲ್ಲಿ ನನಗೆ ಬಂದ ರಿಸಲ್ಟು, ಮೂರು ವರ್ಷವಾದರೂ ನಿನಗೆ ಬರಲಿಲ್ಲ. ಮನೆ, ಮಗು ಅಂತ ಗಮನ ಎಲ್ಲೋ ಇದ್ದರೆ ಪಿಎಚ್‌ಡಿ ಆಗಲ್ಲ. ಈ ತಿಂಗಳೇ ಕೊನೆ.”

ಅವರು ಹೋದ ಮೇಲೆ ನೆಲ ಒರೆಸುತ್ತಿದ್ದ ದೇವೀರಮ್ಮ ನಕ್ಕರು. “ಆಗ ಅವರೆಲ್ಲಿ ಪುಡಿ ತೊಳೀತಿದ್ರು ತಾಯಿ? ನಾನೇ ತೊಳೆದು ಕೊಡ್ತಿದ್ದೆ. ನೀವು ಬಳಸೋ ನೀರು ತರೋಕೆ ಮೂರು ಮಹಡಿ ಇಳೀಬೇಕಿತ್ತು. ಯಾರು ಇಳೀತಾರೆ ಅಂತ ನಲ್ಲಿ ನೀರಲ್ಲೇ ತೊಳೀತಿದ್ದೆ.”

ಅವಳ ಕೈ ನಿಂತಿತು. ನಲ್ಲಿ ನೀರಲ್ಲಿ ಕ್ಲೋರಿನ್ ಇರುತ್ತದೆ. ಅದು ಬೆಳ್ಳಿಯ ಮೈಗೆ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ, ಬೆಳ್ಳಿ ಕೆಲಸ ಮಾಡುವ ರೀತಿಯನ್ನೇ ಬದಲಿಸಿಬಿಡುತ್ತದೆ.

ಅವಳು ಹೊಸ ಪುಡಿ ತೆಗೆದುಕೊಂಡು ನಲ್ಲಿ ತಿರುಗಿಸಿದಳು.

ಮರುದಿನ ಮಧ್ಯಾಹ್ನ ಕಂಪ್ಯೂಟರಿನ ಪರದೆಯ ಮೇಲೆ ಪ್ರೊಫೆಸರಿಗೆ ಹೆಸರು ತಂದ ಅದೇ ಅಂಕಿ ಮೂಡಿತು. ಅವಳು ಅವರ ಕೋಣೆಗೆ ಓಡಲಿಲ್ಲ. ಹೊಸದೊಂದು ನೋಟ್‌ಬುಕ್ ತೆರೆದು, ಸಂಶೋಧಕರು ಎಂಬಲ್ಲಿ ಮೊದಲು ದೇವೀರಮ್ಮನ ಹೆಸರು ಬರೆದು, ಅದರ ಕೆಳಗೆ ತನ್ನದನ್ನು ಬರೆದಳು.