ಡ್ರೈವರ್ ಪಕ್ಕದ ಸೀಟು

ಆದಾಯ ತೆರಿಗೆ ರಿಟರ್ನ್ಸ್ ತುಂಬಿಕೊಡುವ ನಾಗಭೂಷಣ, ಹಣ ವಾಪಸು ಬರಲೆಂದು ಗಿರಾಕಿಗಳಿಗೆ ಇಲ್ಲದ ಅಂಗವೈಕಲ್ಯ ಬರೆದುಬಿಡುತ್ತಿದ್ದ. ಒಬ್ಬರಿಗೆ ಕಾಲು, ಇನ್ನೊಬ್ಬರಿಗೆ ಕಿವಿ, ಆ ಹೊತ್ತಿಗೆ ತೋಚಿದ್ದು. ಅವರನ್ನು ಒಂದು ಮಾತು ಕೇಳುತ್ತಲೂ ಇರಲಿಲ್ಲ. ಈಗ ಶಾಲಾ ಬಸ್ಸಿನ ಡ್ರೈವರ್ ಬೋರಯ್ಯನ ಹೆಸರಿಗೆ ಇಲಾಖೆಯಿಂದ ನೋಟೀಸು ಬಂದಿತ್ತು. ಇದೊಂದು ಹೊರಬಿದ್ದರೆ ಉಳಿದ ಇನ್ನೂರೂ ಹೊರಬೀಳುತ್ತವೆ ಎಂದು ನಾಗಭೂಷಣನಿಗೆ ಮೂರು ದಿನದಿಂದ ಅನ್ನ ಸೇರಿರಲಿಲ್ಲ.

ಸಂಜೆ ಕೊನೆಯ ಟ್ರಿಪ್ಪು ಮುಗಿಸಿ ಬೋರಯ್ಯ ಆಫೀಸಿಗೆ ಬಂದ. ದಿನವೂ ಡ್ರೈವರ್ ಪಕ್ಕದ ಸೀಟೇ ಬೇಕೆಂದು ಹಟ ಹಿಡಿಯುವ ನಾಗಭೂಷಣನ ಮಗಳು ಅವನ ಕೈ ಹಿಡಿದುಕೊಂಡೇ ಒಳಗೆ ಬಂದಳು.

"ನಿನಗೆ ಕಣ್ಣು ಸರಿಯಾಗಿ ಕಾಣಿಸಲ್ಲ ಅಂತ ರಿಟರ್ನ್ಸಿನಲ್ಲಿ ಬರೆದಿದ್ದೆ. ಡಾಕ್ಟರ ಸರ್ಟಿಫಿಕೇಟು ಕೇಳ್ತಿದ್ದಾರೆ."

ಬೋರಯ್ಯನ ಮುಖ ಬಿಳುಚಿಕೊಂಡಿತು. "ಶಾಲೆಯವರಿಗೆ ಗೊತ್ತಾಯ್ತಾ ಸಾರ್?"

"ಇನ್ನೂ ಇಲ್ಲ. ಅದನ್ನ ತೆಗೆದುಹಾಕಿದರೆ ಇಬ್ಬರೂ ಬಚಾವು. ಇಲ್ಲೊಂದು ಸಹಿ ಹಾಕು."

"ಎಲ್ಲಿ?"

"ಇಲ್ಲೇ, ನನ್ನ ಬೆರಳು ಇದೆಯಲ್ಲ."

ಬೋರಯ್ಯ ಪೆನ್ನು ಕೆಳಗಿಟ್ಟು, ಇನ್ನೂ ತನ್ನ ಕೈ ಹಿಡಿದೇ ನಿಂತಿದ್ದ ಹುಡುಗಿಯ ಕಡೆ ತಿರುಗಿದ.

"ಅಪ್ಪನಿಗೂ ಹೇಳಲ್ಲ ಅಂದಿದ್ದೆಯಲ್ಲ, ಪುಟ್ಟಿ."