ಐದನೇ ಭಾಗ

ಶಾಲೆಯ ದಿನಗಳಲ್ಲಿ ಆಟದ ಸೀಡಿ ಕೊಳ್ಳುತ್ತಿದ್ದ ಅಂಗಡಿಗೆ ಅವನು ಹದಿನೆಂಟು ವರ್ಷಗಳ ನಂತರ ಸಿಡಿಮಿಡಿಗುಟ್ಟುತ್ತಲೇ ಬಂದ. ಅಲ್ಲೀಗ ಮೊಬೈಲ್ ಕವರ್‌ಗಳು ನೇತಾಡುತ್ತಿದ್ದವು. ಕೌಂಟರಿನ ಹಿಂದೆ ಮಾತ್ರ ಅದೇ ಮಾಲೀಕ.

“ಆ ಕಾರ್ ರೇಸ್ ಆಟದ ಐದನೇ ಭಾಗ ಇದೆಯಾ ಸಾರ್? ಹಳೇ ಸೀಡಿ. ನೀವೇ ಮಾರಿದ್ದು.”

“ಈಗ ಯಾಕಪ್ಪ ಅದು?”

“ಆ ಕಂಪನಿಯವರ ಸೊಕ್ಕು ನೋಡಿ! ಮೊದಲನೇ ಭಾಗ ಪರವಾಗಿಲ್ಲ, ಆಮೇಲೆ ಸಪ್ಪೆಯಾಗ್ತಾ ಬಂತು, ನಾಲ್ಕನೇದಂತೂ ದಂಡ. ಆಟ ಅಂದ್ರೆ ಐದನೇದು! ನಡುರಸ್ತೇಲಿ ಎಮ್ಮೆ ಮಲಗಿರೋದು, ಎಷ್ಟು ಹಾರ್ನ್ ಹೊಡೆದ್ರೂ ಏಳ್ತಿರಲಿಲ್ಲ. ಟೈರ್ ಹೋದ್ರೆ ಪಂಕ್ಚರ್ ಅಂಗಡಿ ಹುಡುಕ್ಕೊಂಡು ಹೋಗ್ಬೇಕಿತ್ತು. ಈಗ ನುಣ್ಣನೆ ರಸ್ತೆ ಹಾಕಿ ಹೊಸದೊಂದು ಬಿಟ್ಟು, ಅದಕ್ಕೂ ಐದನೇ ಭಾಗ ಅಂತಲೇ ಹೆಸರಿಟ್ಟಿದಾರೆ! ಹಳೇ ಐದನೇದು ಎಲ್ಲಿ ಹೋಯ್ತು ಅಂತ ಬರೆದ್ರೆ, ಅಂಥ ಆಟವೇ ಬಂದಿಲ್ಲ ಅಂತ ಉತ್ತರ ಕೊಟ್ಟಿದಾರೆ. ಇಂಟರ್ನೆಟ್ಟಲ್ಲಿ ಎಲ್ರೂ ನಗ್ತಿದಾರೆ. ನಂಗೇನು ಹುಚ್ಚಾ?”

ಮಾಲೀಕ ಕೆಳಗಿನ ಡ್ರಾಯರ್ ಎಳೆದು, ಗೀರು ಬಿದ್ದ ಸೀಡಿಯೊಂದನ್ನು ಅಂಗಿಯ ತುದಿಯಿಂದ ಒರೆಸಿ ಅವನ ಮುಂದಿಟ್ಟ.

“ಇದೇ! ಇದೇ ಸಾರ್! ಅವರೇ ಮಾಡಿದ್ದನ್ನ ಅವರ ಮುಖಕ್ಕೇ ಹಿಡೀತೀನಿ.”

“ಅವರು ಮಾಡಿದ್ದು ನಾಲ್ಕೇ ಕಣಪ್ಪ,” ಎಂದ ಮಾಲೀಕ. “ನಾಲ್ಕನೇದು ನನಗೂ ಹಿಡಿಸ್ಲಿಲ್ಲ, ಬಿಚ್ಚಿ ನಾನೇ ತಿದ್ದಿದೆ. ಆ ಎಮ್ಮೆ ನಮ್ಮನೇದು.”